ಇಲ್ಲ ಅನ್ನಬೇಡಿ, ‘ಬೆಲುಮ್’ ಅನ್ನಿ

ಮಗು ಅಳುತ್ತಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಅಡುಗೆಮನೆಯಿಂದ ಇಣುಕಿ ‘ಸುಸು, ಬು, ಸುಸು’ ಅಂದರು. ಅಮ್ಮ ಒಡನೆ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಹನ್ನೆರಡು ದಿನದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ‘ಶ್ಶ್...’ ಎನ್ನುತ್ತಾ ಐದು ನಿಮಿಷ ಕೂತಳು. ಏನೂ ಆಗಲಿಲ್ಲ, ಅಳು ಮಾತ್ರ ಜೋರಾಯಿತು. ಹಿಂದೆಯೇ ಬಂದ ಹೆಂಗಸು ಬಾಗಿಲಲ್ಲಿ ಕಂಗಾಲಾಗಿ ನಿಂತಿದ್ದರು. ನಾನು ಮೊಬೈಲ್ ತೆಗೆದು ಹುಡುಕಿದರೆ, ಇಂಡೋನೇಷ್ಯಾ ಭಾಷೆಯಲ್ಲಿ ‘ಸುಸು’ ಅಂದರೆ ಹಾಲು!

ಇದು ನಡೆದದ್ದು ಜಾವಾ ದ್ವೀಪದ ಪಶ್ಚಿಮ ಭಾಗದ ಒಂದು ಕಾರ್ಖಾನೆ ಊರಿನಲ್ಲಿ. ನನ್ನ ಭಾವ ಅಲ್ಲಿನ ನೂಲಿನ ಮಿಲ್ಲೊಂದರಲ್ಲಿ ಎಂಜಿನಿಯರ್. ಕಳೆದ ವರ್ಷ ಜುಲೈಯಲ್ಲಿ ಅಕ್ಕನಿಗೆ ಅಲ್ಲಿಯೇ ಹೆರಿಗೆಯಾಯಿತು. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಬೆಂಗಳೂರನ್ನೇ ಜೀವನದಲ್ಲಿ ಎರಡು ಸಲ ನೋಡಿದ ಅಮ್ಮ ಒಬ್ಬಳೇ ವಿಮಾನ ಹತ್ತುವುದು ಹೇಗೆ? ನನಗೆ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಇತ್ತು. ‘ಇವನು ಹೇಗೂ ಮನೆಯಲ್ಲಿ ಬಿದ್ದುಕೊಂಡಿರುತ್ತಾನೆ, ಜೊತೆಗೆ ಹೋಗಲಿ’ ಎಂದು ತೀರ್ಮಾನವಾಯಿತು. ಆಟಿ ತಿಂಗಳಲ್ಲಿ ಹೊರಡುವುದಾ ಎಂದು ಅಜ್ಜಿ ಗೊಣಗಿದರು. ಅಪ್ಪನದು ಬೇರೆಯೇ ರಾಗ. ಪುತ್ತೂರು ಕಡೆಯ ಅಡಿಕೆ ಬೆಳೆಗಾರರಾದ ಅಪ್ಪನಿಗೆ ಇಂಡೋನೇಷ್ಯಾ ಅಂದರೆ ವಿದೇಶಿ ಅಡಿಕೆ ಬರುವ ಜಾಗ. ಧಾರಣೆ ಇಳಿದಾಗಲೆಲ್ಲ ನಮ್ಮ ಜಗಲಿಯಲ್ಲಿ ಬೈಗುಳ ತಿನ್ನುವ ಹೆಸರು ಅದು. ‘ನಮ್ಮ ಹೊಟ್ಟೆಗೆ ಕಲ್ಲು ಹಾಕುವವರ ಮುಖ ಒಮ್ಮೆ ನೋಡಿಕೊಂಡು ಬನ್ನಿ’ ಎಂದು ಹೇಳಿ ಬಸ್ಸು ಹತ್ತಿಸಿದರು.

ಭಾರತೀಯರಿಗೆ ಅಲ್ಲಿ ಇಳಿದ ಮೇಲೆಯೇ ವೀಸಾ ಸಿಗುತ್ತದೆ. 30 ದಿನಕ್ಕೆ 5 ಲಕ್ಷ ರುಪಯಾ. ‘ಐದು ಲಕ್ಷ’ ಎಂದಾಗ ಅಮ್ಮನ ಮುಖ ನೋಡಬೇಕಿತ್ತು! ನಮ್ಮ ಲೆಕ್ಕದಲ್ಲಿ ಅದು ಮೂರು ಸಾವಿರ ರೂಪಾಯಿಯ ಒಳಗೆ.

ಹೊರಡುವ ಮೊದಲು ನಾನು ಒಂದು ತಿಂಗಳು ಆ್ಯಪ್‌ನಲ್ಲಿ ಭಾಷೆ ಕಲಿತಿದ್ದೆ. ‘ಹುಡುಗ ಸೇಬು ತಿನ್ನುತ್ತಾನೆ’, ‘ನನ್ನ ಬೆಕ್ಕು ಕಪ್ಪು’ ಎಂಬಂಥ ವಾಕ್ಯಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದೆ. ಅಲ್ಲಿದ್ದ ಇಪ್ಪತ್ತೆಂಟು ದಿನದಲ್ಲಿ ಸೇಬು ತಿನ್ನುವ ಹುಡುಗನ ವಿಷಯ ಮಾತನಾಡುವ ಪ್ರಸಂಗ ಒಮ್ಮೆಯೂ ಬರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ‘ಬಹಾಸಾ ಇಂಡೋನೇಷ್ಯಾ’ ಹೊಸಬರಿಗೆ ಬೇಗ ಒಲಿಯುವ ಭಾಷೆ ಅನ್ನುವುದು ನಿಜ. ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ, ಓದುವುದು ಬರೆದಂತೆಯೇ. ‘ಸಿ’ ಅಕ್ಷರ ಕಂಡಲ್ಲೆಲ್ಲ ‘ಚ’ ಅನ್ನಬೇಕು ಎಂಬುದೊಂದು ನೆನಪಿದ್ದರೆ ಅಂಗಡಿ ಬೋರ್ಡುಗಳೆಲ್ಲ ಬಾಯಿಗೆ ಬರುತ್ತವೆ. ಅವನು, ಅವಳು ಎರಡಕ್ಕೂ ‘ದಿಯಾ’. ಕ್ರಿಯಾಪದಕ್ಕೆ ಭೂತ ಭವಿಷ್ಯತ್ತುಗಳ ಕಾಟವಿಲ್ಲ. ‘ನಿನ್ನೆ ನಾನು ತಿನ್ನು’, ‘ನಾಳೆ ನಾನು ತಿನ್ನು’ ಎಂದರೆ ಸಾಕು. ಬಹುವಚನ ಬೇಕಾದರೆ ಪದವನ್ನು ಎರಡು ಸಲ ಹೇಳಿದರಾಯಿತು. ‘ಅನಾಕ್’ ಮಗು, ‘ಅನಾಕ್-ಅನಾಕ್’ ಮಕ್ಕಳು. ಹಾಗೆಂದು ಎಲ್ಲ ಜೋಡಿಯನ್ನೂ ನಂಬಬೇಡಿ. ‘ಮಾತಾ’ ಅಂದರೆ ಕಣ್ಣು, ‘ಮಾತಾ-ಮಾತಾ’ ಅಂದರೆ ಗೂಢಚಾರ. ‘ಹಾತಿ’ ಅಂದರೆ ಹೃದಯ, ‘ಹಾತಿ-ಹಾತಿ’ ಅಂದರೆ ಜೋಪಾನ. ರಸ್ತೆ ಅಗೆದ ಕಡೆಯಲ್ಲೆಲ್ಲ ‘ಹೃದಯ-ಹೃದಯ’ ಎಂದು ಬೋರ್ಡು ಹಾಕಿರುತ್ತಾರೆ ಅಂದುಕೊಂಡರೆ ಓಡಾಡಲು ಖುಷಿಯಾಗುತ್ತದೆ.

ಪರಿಚಯದ ಪದಗಳೂ ಸಿಗುತ್ತವೆ, ಆದರೆ ವೇಷ ಬದಲಿಸಿಕೊಂಡು. ಕಾರ್ಯ ‘ಕೆರ್ಜಾ’ ಆಗಿದೆ, ವ್ಯಯ ‘ಬಿಯಾಯಾ’ ಆಗಿದೆ. ಉಪವಾಸ ‘ಪುವಾಸಾ’ ಆಗಿ ರಂಜಾನ್ ಉಪವಾಸಕ್ಕೂ ಅದೇ ಹೆಸರು ನಿಂತಿದೆ. ಚರ್ಚಿನ ಪಾದ್ರಿ ‘ಪೆಂದೆತಾ’, ಅಂದರೆ ನಮ್ಮ ಪಂಡಿತ. ಕಾಲೇಜು ವಿದ್ಯಾರ್ಥಿ ‘ಮಹಾಸಿಸ್ವಾ’, ಮಹಾಶಿಷ್ಯ! ನನ್ನ ಅಟೆಂಡೆನ್ಸ್ ನೋಡಿದ ಯಾವ ಲೆಕ್ಚರರ್ ಕೂಡ ಈ ಪದ ಬಳಸಲಾರರು. ‘ಚಿಂತಾ’ ಅಂದರೆ ಪ್ರೀತಿ. ಇದನ್ನು ಹಾಸ್ಟೆಲ್ ಗೆಳೆಯನಿಗೆ ಮೆಸೇಜ್ ಮಾಡಿದಾಗ ‘ಸರಿಯಾಗಿಯೇ ಇದೆಯಲ್ಲ’ ಎಂದು ಉತ್ತರ ಬಂತು. ಡಚ್ಚರ ಕಾಲದ ಪದಗಳಂತೂ ಮೆಕ್ಯಾನಿಕಲ್‌ನವನಾದ ನನಗೆ ಬಲು ಇಷ್ಟವಾದವು. ಬೈಕಿನ ಸೈಲೆನ್ಸರ್ ‘ಕ್ನಲ್‌ಪೋಟ್’, ಗ್ಯಾರೇಜು ‘ಬೆಂಗ್ಕೆಲ್’.

ಇಷ್ಟೆಲ್ಲ ಗೊತ್ತಿದ್ದೂ ಮೂರನೇ ದಿನ ಮಾನ ಹೋಯಿತು. ರಸ್ತೆ ಬದಿಯ ಗಾಡಿಯಲ್ಲಿ ಬೊಂಡ ಕಂಡು, ಧೈರ್ಯವಾಗಿ ‘ಕೆಪಾಲಾ ಮುದಾ, ಒಂದು’ ಎಂದು ಕೇಳಿದೆ. ಗಾಡಿಯವನು ತನ್ನ ತಲೆ ಮುಟ್ಟಿಕೊಂಡು ನಗತೊಡಗಿದ. ತೆಂಗಿನಕಾಯಿ ‘ಕೆಲಾಪಾ’. ‘ಕೆಪಾಲಾ’ ಅಂದರೆ ನಮ್ಮ ಕಪಾಲ, ಅಂದರೆ ತಲೆ. ನಾನು ಕೇಳಿದ್ದು ‘ಒಂದು ಎಳೆ ತಲೆ ಕೊಡು’ ಎಂದು. ಪಕ್ಕದಲ್ಲಿದ್ದ ಅಮ್ಮ ಏನೂ ಮಾತಾಡದೆ ಬೊಂಡದತ್ತ ಬೆರಳು ಮಾಡಿ ಎರಡು ತೆಗೆಸಿದಳು. ಅಂದಹಾಗೆ ಅಲ್ಲಿ ತೋರುಬೆರಳು ಮಾಡುವುದು ಒರಟು ಅನ್ನಿಸಿಕೊಳ್ಳುತ್ತದೆ. ಬಲಗೈಯ ಹೆಬ್ಬೆರಳಿನಿಂದ ತೋರಿಸುವುದು ಮರ್ಯಾದೆ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲೇ ಅನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೂತಿರುವ ಹಿರಿಯರ ಮುಂದೆ ಹಾದುಹೋಗುವಾಗ ಸ್ವಲ್ಪ ಬಾಗಿ ‘ಪೆರ್ಮಿಸಿ’ ಅನ್ನಬೇಕು. ಪಶ್ಚಿಮ ಜಾವಾದಲ್ಲಾದರೆ ‘ಪುಂತೆನ್’ ಅಂದರೆ ಇನ್ನೂ ಚೆನ್ನ, ಅದು ಅಲ್ಲಿನವರ ಸ್ವಂತ ಸುಂದಾ ಭಾಷೆಯ ಪದ.

ಅಮ್ಮನಿಗೆ ಆ್ಯಪೂ ಇರಲಿಲ್ಲ, ವ್ಯಾಕರಣವೂ ಇರಲಿಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಅವಳೇ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡುವ ಹಂತಕ್ಕೆ ಬಂದಿದ್ದಳು. ಗುಟ್ಟು ಇಷ್ಟೇ. ಅಲ್ಲಿ ಅಪರಿಚಿತ ಹೆಂಗಸನ್ನು ‘ಇಬು’ ಅಥವಾ ಚಿಕ್ಕದಾಗಿ ‘ಬು’ ಎಂದು ಕರೆಯುತ್ತಾರೆ, ಗಂಡಸನ್ನು ‘ಪಾಕ್’. ಇಬು ಅಂದರೆ ಅಮ್ಮ, ಪಾಕ್ ಅಂದರೆ ಅಪ್ಪ. ಬಸ್ಸಿನಲ್ಲಿ ಕಂಡವರನ್ನೆಲ್ಲ ಅಕ್ಕ, ಅಣ್ಣ ಮಾಡಿಕೊಳ್ಳುವ ನಮ್ಮವರಿಗೆ ಇದು ಹೊಸತಲ್ಲ. ತರಕಾರಿಯವಳು ‘ಇಬು’ ಅಂದಾಗ ಅಮ್ಮನೂ ತಿರುಗಿ ಅವಳನ್ನು ‘ಇಬು’ ಅಂದಳು. ಆಮೇಲೆ ಅರ್ಧ ತುಳು, ಅರ್ಧ ಕೈಬಾಯಿ ಸನ್ನೆ. ಬಾಳೆಹಣ್ಣಿನ ಪೋಡಿ ಅಲ್ಲಿಯೂ ಇದೆ, ‘ಪಿಸಾಂಗ್ ಗೊರೆಂಗ್’. ತೆಂಗಿನ ಗರಿಯ ಹೆಣಿಗೆಯೊಳಗೆ ಅಕ್ಕಿ ತುಂಬಿ ಬೇಯಿಸಿದ ‘ಕೆತುಪಾತ್’ ನೋಡಿ ‘ಇದು ನಮ್ಮ ಮೂಡೆಯ ತಂಗಿ’ ಎಂದು ತೀರ್ಪು ಕೊಟ್ಟಳು. ಬಾಣಂತಿಗೆ ಅರಿಶಿನ, ಹುಣಸೆ ಹಾಕಿದ ‘ಜಾಮು’ ಕುಡಿಸುತ್ತಾರೆ, ಹೊಟ್ಟೆಗೆ ಉದ್ದನೆಯ ಬಟ್ಟೆ ಸುತ್ತಿ ಕಟ್ಟುತ್ತಾರೆ ಎಂದು ಗೊತ್ತಾದ ಮೇಲಂತೂ ಅಮ್ಮನಿಗೂ ಆ ಮನೆಗೆಲಸದ ಹೆಂಗಸಿಗೂ ನನ್ನ ಅನುವಾದದ ಅಗತ್ಯವೇ ಉಳಿಯಲಿಲ್ಲ. ಆಕೆಯನ್ನು ಎಲ್ಲರೂ ‘ಬಿಬಿ’, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಸಸ್ಯಾಹಾರಿಗಳಿಗೆ ಮಾತ್ರ ಒಂದು ಕಿವಿಮಾತು. ಅಲ್ಲಿನ ಚಟ್ನಿ ‘ಸಂಬಾಲ್’ನಲ್ಲಿ ಬಹಳ ಸಲ ಸಿಗಡಿಯ ಪೇಸ್ಟ್ ಇರುತ್ತದೆ. ‘ತಾಂಪಾ ತೆರಾಸಿ’, ಅದು ಬೇಡ, ಎಂದು ಮೊದಲೇ ಹೇಳಿಬಿಡಿ.

ಫೇಲಾದ ದಿನ ಕಲಿತ ಪದ

ಈಗ ಆ ಪದದ ಕಥೆ. ನಮ್ಮ ಫಲಿತಾಂಶ ಬಂದದ್ದು ನಾವು ಅಲ್ಲಿದ್ದಾಗಲೇ. ಥರ್ಮೋಡೈನಮಿಕ್ಸ್ ಹೋಗಿತ್ತು. ಮನೆಯಲ್ಲಿ ಮಗು, ಸಂಭ್ರಮ, ಯಾರಿಗೂ ಹೇಳಲಿಲ್ಲ. ಸಂಜೆ ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದೆ. ಪಕ್ಕದ ಮನೆಯ ಹೆಂಗಸು, ಜಾವಾದ ಜೋಗ್ಯಕರ್ತಾ ಕಡೆಯವರು, ಗಿಡಕ್ಕೆ ನೀರು ಬಿಡುತ್ತಾ ಮಾತಿಗೆಳೆದರು. ‘ಸುದಾ ಲುಲುಸ್?’ ಅಂದರು. ಓದು ಮುಗಿಯಿತಾ, ಪಾಸಾಯಿತಾ ಎಂದು ಅರ್ಥ. ಅವರು ಕೇಳಿದ್ದು ಡಿಗ್ರಿ ಮುಗಿಯಿತಾ ಎಂದು. ನನಗೆ ಕೇಳಿಸಿದ್ದು ಬೇರೆ. ‘ತಿದಾಕ್’ ಅಂದೆ. ಇಲ್ಲ.

ಅವರು ಪೈಪು ಕೆಳಗಿಟ್ಟರು. ‘ಬುಕಾನ್ ತಿದಾಕ್. ಬೆಲುಮ್’ ಅಂದರು. ‘ಇಲ್ಲ’ ಅಲ್ಲ, ‘ಇನ್ನೂ ಇಲ್ಲ’. ಶಾಲೆ ಮಕ್ಕಳಿಗೆ ಹೇಳಿಸುವಂತೆ ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು.

ಇದು ಕೇವಲ ಸಮಾಧಾನದ ಮಾತಲ್ಲ, ಆ ಭಾಷೆಯ ನಿಯಮವೇ ಹಾಗೆ. ಕ್ರಿಯಾಪದಕ್ಕೆ ಕಾಲವಿಲ್ಲ ಎಂದೆನಲ್ಲ, ಆ ಕೆಲಸವನ್ನು ಮಾಡುವುದು ‘ಸುದಾ’, ‘ಬೆಲುಮ್’ ಎಂಬ ಈ ಎರಡು ಪದಗಳು. ಆಗಿದೆ ಅಥವಾ ಇನ್ನೂ ಆಗಿಲ್ಲ. ಮುಂದೆ ಆಗಬಹುದಾದ ಯಾವುದೇ ವಿಷಯಕ್ಕೆ ಖಡಾಖಂಡಿತ ‘ಇಲ್ಲ’ ಅನ್ನುವುದು ಅಲ್ಲಿ ಕಿವಿಗೆ ಒಗ್ಗುವುದಿಲ್ಲ. ಊಟ ಆಯಿತಾ? ಬೆಲುಮ್. ಮಕ್ಕಳಿದ್ದಾರಾ? ಬೆಲುಮ್. ಮದುವೆಯಾಗಿದೆಯಾ ಎಂದು ಕೇಳಿದರೆ ಎಪ್ಪತ್ತರ ಬ್ರಹ್ಮಚಾರಿಯೂ ‘ಬೆಲುಮ್’ ಅಂದರೇ ಚೆನ್ನ. ಅಲ್ಲಿಗೆ ಹೋದರೆ ಈ ಪ್ರಶ್ನೆ ನಿಮಗೂ ಟ್ಯಾಕ್ಸಿಯವರಿಂದ ಹಿಡಿದು ಹೋಟೆಲಿನವರವರೆಗೆ ಎಲ್ಲರಿಂದಲೂ ಬರುತ್ತದೆ. ಅದು ಅಧಿಕಪ್ರಸಂಗ ಅಲ್ಲ, ಅವರ ಕುಶಲೋಪರಿ. ‘ಮಾವು ಕೆ ಮಾನಾ?’, ಅಂದರೆ ‘ಎತ್ತ ಸವಾರಿ?’, ಎಂದು ದಾರಿಯಲ್ಲಿ ಸಿಕ್ಕವರು ಕೇಳುವುದೂ ಹಾಗೆಯೇ. ವಿಳಾಸ ಹೇಳಬೇಕಾಗಿಲ್ಲ. ‘ಜಾಲನ್-ಜಾಲನ್’, ಹೀಗೇ ಸುತ್ತಾಟ, ಅಂದರೆ ಸಾಕು.

ಆ ರಾತ್ರಿ ಅಮ್ಮನಿಗೆ ವಿಷಯ ಹೇಳಿದೆ. ಅಮ್ಮ ಬೈಯಲಿಲ್ಲ. ಮಗುವಿನ ಕಾಲಿಗೆ ಎಣ್ಣೆ ಹಚ್ಚುತ್ತಾ ‘ಆ ಪದ ಇನ್ನೊಮ್ಮೆ ಹೇಳು’ ಅಂದಳು.

ಯಾರದೂ ಅಲ್ಲದ ಭಾಷೆ

ಭಾವನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಕೂತರೆ ಆ ದೇಶದ ನಕ್ಷೆಯೇ ಸಿಗುತ್ತದೆ. ಒಂದು ಮೇಜಿನಲ್ಲಿ ಸುಂದಾದವರು, ಜಾವಾದವರು, ಸುಮಾತ್ರಾದ ಬತಾಕ್ ಜನ, ಸುಲಾವೇಸಿಯ ತೊರಾಜ, ಬಾಲಿಯವರು. 17,000ಕ್ಕೂ ಹೆಚ್ಚು ದ್ವೀಪ, 700ಕ್ಕೂ ಹೆಚ್ಚು ಭಾಷೆ. 2010ರ ಜನಗಣತಿ ಲೆಕ್ಕ ಹಾಕಿದ ಜನಾಂಗಗಳು 1,300ಕ್ಕೂ ಅಧಿಕ. ಆದರೂ ಅನ್ನದ ತಟ್ಟೆಯ ಮುಂದೆ ಎಲ್ಲರೂ ಆಡುವುದು ಒಂದೇ ಭಾಷೆ, ಮತ್ತು ಅದು ಆ ಮೇಜಿನಲ್ಲಿದ್ದ ಹಿರಿಯರಲ್ಲಿ ಒಬ್ಬರ ಮನೆಮಾತೂ ಅಲ್ಲ.

ಇದು ಹೇಗಾಯಿತು ಎಂಬುದಕ್ಕೆ ಉತ್ತರ ಒಂದು ವಿದ್ಯಾರ್ಥಿ ಬಿಡಾರದಲ್ಲಿದೆ. ವಾಪಸ್ ಹೊರಟ ದಿನ ವಿಮಾನ ರಾತ್ರಿಗಿತ್ತು, ಭಾವ ನನ್ನನ್ನು ಅಲ್ಲಿಗೆ ಕರೆದೊಯ್ದರು. ಜಕಾರ್ತದ ಕ್ರಮಾತ್ ರಾಯಾ ರಸ್ತೆಯ 106ನೇ ನಂಬರಿನ ಮನೆ. ಈಗ ಮ್ಯೂಸಿಯಂ, ಆಗ ಹುಡುಗರು ಬಾಡಿಗೆಗಿದ್ದು ಓದುತ್ತಿದ್ದ ಜಾಗ. ಡಚ್ಚರ ಆಳ್ವಿಕೆಯಲ್ಲಿ, 1928ರ ಅಕ್ಟೋಬರ್ 28ರಂದು, ಬೇರೆ ಬೇರೆ ದ್ವೀಪಗಳ ಯುವಕ ಸಂಘಗಳು ತಮ್ಮ ಎರಡನೇ ಸಮಾವೇಶದ ಕೊನೆಗೆ ಇಲ್ಲಿ ಸೇರಿ ಪ್ರತಿಜ್ಞೆ ಮಾಡಿದವು. ಒಂದು ನಾಡು, ಒಂದು ಜನ, ಮತ್ತು ಎಲ್ಲರನ್ನೂ ಬೆಸೆಯುವ ಭಾಷೆಯಾಗಿ ಇಂಡೋನೇಷ್ಯನ್. ರಾಷ್ಟ್ರಗೀತೆಯಾಗಲಿದ್ದ ಹಾಡನ್ನು ಸುಪ್ರಾತ್‌ಮನ್ ಪಿಟೀಲಿನಲ್ಲಿ ನುಡಿಸಿದ್ದೂ ಅಂದೇ. ತಮಾಷೆಯೆಂದರೆ ಆ ಸಂಘಗಳ ಹೆಸರುಗಳೇ ‘ಯೊಂಗ್ ಜಾವಾ’, ‘ಯೊಂಗ್ ಅಂಬೋನ್’ ಎಂದು ಡಚ್ ಭಾಷೆಯಲ್ಲಿದ್ದವು. ‘ಯೊಂಗ್’ ಅಂದರೆ ಡಚ್ಚಿನಲ್ಲಿ ಯುವ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮಂತೆ ಅವರೂ ಡಚ್ ಶಾಲೆಯಲ್ಲಿ ಓದಿದವರು. ತಾವು ಆರಿಸಿದ ಭಾಷೆ ಅವರಲ್ಲೇ ಎಷ್ಟೋ ಮಂದಿಗೆ ಸರಿಯಾಗಿ ಬರುತ್ತಿರಲಿಲ್ಲ!

ಅವರು ಆರಿಸಿದ್ದು ಬಂದರುಗಳ ವ್ಯಾಪಾರದ ಭಾಷೆಯಾಗಿದ್ದ ಮಲಯ್ ನುಡಿಯನ್ನು. ಜಾವಾ ಭಾಷೆಯನ್ನಲ್ಲ. ಇವತ್ತಿಗೂ ದೇಶದ ಶೇ 40ರಷ್ಟು ಜನ ಜಾವಾದವರು, ಆಗಿನ ಪಾಲು ಇನ್ನೂ ಹೆಚ್ಚು. ಅವರು ಹಟ ಹಿಡಿದಿದ್ದರೆ ಬೇರೆಯೇ ಕಥೆಯಾಗುತ್ತಿತ್ತು. ಇನ್ನೊಂದು ಚಿಕ್ಕ ಸಂಗತಿ ನನಗೆ ಬಹಳ ಹಿಡಿಸಿತು. 1926ರ ಮೊದಲ ಸಮಾವೇಶದಲ್ಲಿ ಮುಹಮ್ಮದ್ ಯಾಮಿನ್ ಎಂಬ ಯುವಕ ‘ಮಲಯ್ ಭಾಷೆ’ ಎಂದೇ ಸೂಚಿಸಿದಾಗ ತಬ್ರಾನಿ ಎಂಬವರು ಒಪ್ಪಲಿಲ್ಲ. ನಾಡು ಇಂಡೋನೇಷ್ಯಾ, ಜನ ಇಂಡೋನೇಷ್ಯನ್ ಎಂದ ಮೇಲೆ ಭಾಷೆಯ ಹೆಸರೂ ಅದೇ ಇರಬೇಕು ಅನ್ನುವುದು ಅವರ ವಾದ. ದೇಶ ಸ್ವತಂತ್ರವಾದದ್ದು 1945ರಲ್ಲಿ. ಭಾಷೆಗೆ ನಾಮಕರಣವಾಗುವಾಗ ದೇಶ ಇನ್ನೂ ‘ಬೆಲುಮ್’.

ಜಾವಾ ಭಾಷೆ ಬೇಡವಾದದ್ದಕ್ಕೆ ಇನ್ನೊಂದು ಕಾರಣ ಅದರ ಮೆಟ್ಟಿಲುಗಳು. ಅಲ್ಲಿ ಎದುರಿಗಿರುವವರು ಯಾರು ಎಂಬುದರ ಮೇಲೆ ವಾಕ್ಯದ ಪದಗಳೇ ಬದಲಾಗುತ್ತವೆ. ನಮ್ಮಂತೆ ‘ನೀನು’ ಹೋಗಿ ‘ನೀವು’ ಆಗುವುದಷ್ಟೇ ಅಲ್ಲ. ಗೆಳೆಯ ತಿಂದರೆ ‘ಮಾಂಗನ್’, ಗೌರವಾನ್ವಿತರು ತಿಂದರೆ ‘ಧಹರ್’. ಪಕ್ಕದ ಸುಂದಾ ಭಾಷೆಯಲ್ಲೂ ಮೆಟ್ಟಿಲುಗಳಿವೆ. ಆದರೆ ಅಲ್ಲಿ ‘ದಹರ್’ ಎಂಬುದು ಸಲುಗೆಯ ಸಾದಾ ಪದ, ಗೌರವದ ಪದ ‘ತುವಾಂಗ್’. ಜಾವಾದ ಅಳಿಯ ಸುಂದಾದ ಮಾವನನ್ನು ಭಾರೀ ಮರ್ಯಾದೆಯಿಂದ ಊಟಕ್ಕೆ ಕರೆದರೆ ಏನಾದೀತು ಯೋಚಿಸಿ. ಮಲಯ್‌ನಲ್ಲಿ ಈ ತಲೆನೋವು ಕಡಿಮೆ. ರಾಜನಿಗೂ ಕೂಲಿಗೂ ಹತ್ತಿರ ಹತ್ತಿರ ಒಂದೇ ವಾಕ್ಯ.

ಇದರ ಬೆಲೆ ಏನು ಎಂದು ತಿಳಿದದ್ದು ಬಿಬಿಯಿಂದ. ಆಕೆ ಸುಂದಾದವರು. ಫೋನಿನಲ್ಲಿ ತನ್ನ ತಾಯಿಯೊಡನೆ ಸುಂದಾ ಭಾಷೆಯಲ್ಲಿ ಮಾತಾಡುತ್ತಿದ್ದರು. ಶಾಲೆ ಬಿಟ್ಟು ಬರುವ ಹತ್ತು ವರ್ಷದ ಮಗನ ಜೊತೆ ಮಾತ್ರ ಇಂಡೋನೇಷ್ಯನ್. ಯಾಕೆ ಎಂದು ಅಮ್ಮ ನನ್ನ ಮೂಲಕ ಕೇಳಿಸಿದಳು. ‘ಮಗ ತಪ್ಪು ಮೆಟ್ಟಿಲಿನ ಪದ ಹೇಳಿದರೆ ತಾಯಿ ಸಂಸ್ಕಾರ ಕಲಿಸಿಲ್ಲ ಅನ್ನುತ್ತಾರೆ. ಇಂಡೋನೇಷ್ಯನ್ ಆದರೆ ಭಯವಿಲ್ಲ. ಶಾಲೆಯಲ್ಲಿ ಸುಂದಾ ಪಾಠ ಇದೆ, ಆದರೆ ಪಾಠದ ಭಾಷೆಯಲ್ಲಿ ಜಗಳವಾಡಲು ಬರುವುದಿಲ್ಲವಲ್ಲ’ ಅಂದರು ಬಿಬಿ. ಆಮೇಲೆ ಸಹಜವಾಗಿ ತಿರುಗಿ ಕೇಳಿದರು, ‘ಈ ಮಗು ಯಾವ ಭಾಷೆ ಆಡುತ್ತದೆ?’

ಅಕ್ಕ ಭಾವನ ಮುಖ ನೋಡಿದಳು. ಭಾವ ‘ಇಂಗ್ಲಿಷ್... ಇಲ್ಲಿಯ ಶಾಲೆಗೆ ಅದೇ ಬೇಕಲ್ಲ’ ಅಂದರು. ಅಮ್ಮ ಏನೂ ಹೇಳಲಿಲ್ಲ. ಮಗುವಿನ ಬಟ್ಟೆ ಮಡಚಿಡಲು ಎದ್ದುಹೋದಳು. ಅಂದಿನಿಂದ ಮಗುವಿನ ಜೊತೆ ಅಮ್ಮ ಆಡುತ್ತಿದ್ದ ತುಳು ಮಾತ್ರ ಎರಡು ಪಾಲು ಜಾಸ್ತಿಯಾಯಿತು. ಬಿಬಿಯೂ ಪೈಪೋಟಿಗೆ ಬಿದ್ದವರಂತೆ ‘ನೆಂಗ್ ಗೆಉಲಿಸ್’, ಅಂದರೆ ಚಂದದ ಪುಟ್ಟಿ, ಎಂದು ಸುಂದಾದಲ್ಲೇ ಮುದ್ದು ಮಾಡತೊಡಗಿದರು.

ಉಡುಪಿ ಹೋಟೆಲಿನ ದಾಯಾದಿಗಳು

ಕ್ವಾರ್ಟರ್ಸ್‌ ಎದುರಿಗೊಂದು ಪದಾಂಗ್ ಹೋಟೆಲ್ ಇತ್ತು. ಇಂಡೋನೇಷ್ಯಾದ ಯಾವ ಮೂಲೆಗೆ ಹೋದರೂ ಈ ಹೋಟೆಲು ಇರುತ್ತದೆ. ಬೋರ್ಡಿನ ಮೇಲೆ ಎಮ್ಮೆ ಕೊಂಬಿನಂತೆ ಬಾಗಿದ ಮಾಡಿನ ಚಿತ್ರ ಕಂಡರೆ ಅದೇ ಎಂದು ತಿಳಿಯಿರಿ. ಮೆನು ಕೊಡುವುದಿಲ್ಲ. ಹುಡುಗ ಒಂದೇ ತೋಳಿನ ಮೇಲೆ ಹತ್ತು ಹದಿನೈದು ಬಟ್ಟಲು ಪೇರಿಸಿಕೊಂಡು ಬಂದು ಮೇಜಿನ ತುಂಬ ಹರಡುತ್ತಾನೆ. ತಿಂದ ಬಟ್ಟಲಿಗೆ ಮಾತ್ರ ದುಡ್ಡು, ಮುಟ್ಟದ್ದು ವಾಪಸ್. ನಡೆಸುವವರು ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನ. ಮುಸ್ಲಿಮರು. ಆದರೆ ಪಿತ್ರಾರ್ಜಿತ ಮನೆ, ಗದ್ದೆ ಹೋಗುವುದು ತಾಯಿಯಿಂದ ಮಗಳಿಗೆ. ವಂಶದ ಹೆಸರೂ ತಾಯಿಯದೇ, ಮನೆತನದ ವಿಷಯದಲ್ಲಿ ಮಾತು ನಡೆಯುವುದು ಸೋದರಮಾವನದು. ಜಗತ್ತಿನಲ್ಲಿ ಈಗ ಉಳಿದಿರುವ ಅತಿ ದೊಡ್ಡ ಮಾತೃವಂಶೀಯ ಸಮಾಜ ಅವರದೇ. ಗಂಡುಮಕ್ಕಳು ಪ್ರಾಯಕ್ಕೆ ಬಂದೊಡನೆ ಊರು ಬಿಟ್ಟು ದುಡಿಯಲು ಹೊರಡಬೇಕು. ಅದಕ್ಕೆ ‘ಮೆರಾಂತಾವ್’ ಎಂದು ಹೆಸರು.

ಭಾವ ಇದನ್ನು ವಿವರಿಸಲು ಶುರುಮಾಡಿದಾಗ ಅಮ್ಮ ಅರ್ಧದಲ್ಲೇ ತಡೆದಳು. ‘ಅಳಿಯಕಟ್ಟು ಅಂತ ಹೇಳಿ, ಮುಗಿಯಿತಲ್ಲ.’ ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಕುಟುಂಬದ ಮನೆಯ ಲೆಕ್ಕ ಇಂದಿಗೂ ಅಮ್ಮನ ಕಡೆಯಿಂದಲೇ. ನಮ್ಮ ಅಜ್ಜಿಯ ತಮ್ಮಂದಿರಿಬ್ಬರು ಮುಂಬೈಗೆ ಹೋಗಿ ಹೋಟೆಲಿನಲ್ಲಿ ಮೇಜು ಒರೆಸಿ ಬೆಳೆದವರು. ಪದಾಂಗ್ ಹೋಟೆಲಿನ ಮಾಲೀಕನಿಗೆ ನಾನು ಇದನ್ನು ಹರುಕು ಮುರುಕಾಗಿ ಹೇಳಿದಾಗ ಆತ ನಕ್ಕು, ‘ಮನೆ ಅಕ್ಕತಂಗಿಯರಿಗೆ. ನಮ್ಮ ಪಾಲಿಗೆ ಬಂದದ್ದು ಬಸ್ ಸ್ಟ್ಯಾಂಡ್’ ಅಂದ. ಕ್ಯಾಂಪಸ್ ಮುಗಿಸಿ ಬೆಂಗಳೂರಿಗೆ ಬ್ಯಾಗು ಹಿಡಿದು ಹೊರಡುವ ನಮಗೆಲ್ಲ ಹೊಂದುವ ಮಾತು.

ಒಂದು ಭಾನುವಾರ ಭಾವನ ಸಹೋದ್ಯೋಗಿ, ತೊರಾಜ ಜನಾಂಗದ ಶಿಫ್ಟ್ ಸೂಪರ್‌ವೈಸರ್, ಚರ್ಚು ಮುಗಿಸಿ ಮಗು ನೋಡಲು ಬಂದರು. ಮೊಬೈಲಿನಲ್ಲಿ ತಮ್ಮ ಮನೆಯವರ ಫೋಟೊ ತೋರಿಸುತ್ತಾ ತಂದೆಯ ಚಿತ್ರ ಬಂದಾಗ ‘ಸಕಿತ್’ ಅಂದರು. ಕಾಯಿಲೆ. ಯಾವ ಆಸ್ಪತ್ರೆ ಎಂದು ಕೇಳಿದೆ. ‘ಮನೆಯಲ್ಲೇ’ ಅಂದರು. ಆಮೇಲೆ ಭಾವ ಬಿಡಿಸಿ ಹೇಳಿದ್ದು: ಅವರ ಉಸಿರು ನಿಂತು ಆಗಲೇ ಒಂದು ವರ್ಷದ ಮೇಲಾಗಿತ್ತು.

ತೊರಾಜರಲ್ಲಿ ‘ರಂಬು ಸೋಲೋ’ ಎಂಬ ಅಂತ್ಯಸಂಸ್ಕಾರ ನಡೆಯುವವರೆಗೆ ಸತ್ತವರು ಸತ್ತಂತಲ್ಲ, ರೋಗಿಯೆಂದೇ ಲೆಕ್ಕ. ದೇಹವನ್ನು ಕೆಡದಂತೆ ಮಾಡಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅನ್ನ, ಕಾಫಿ ಇಡುತ್ತಾರೆ, ಮಾತಾಡಿಸುತ್ತಾರೆ. ಸಂಸ್ಕಾರಕ್ಕೆ ಕೋಣಗಳು ಬೇಕು. ಅವು ಸತ್ತವರನ್ನು ಪರಲೋಕಕ್ಕೆ ಮುಟ್ಟಿಸುತ್ತವೆ ಎಂಬ ನಂಬಿಕೆ. ಮಚ್ಚೆಯಿರುವ ಅಪರೂಪದ ಕೋಣವೊಂದಕ್ಕೆ ಒಳ್ಳೆಯ ಕಾರಿನ ಬೆಲೆ. ಬೇರೆ ಬೇರೆ ದ್ವೀಪಗಳಲ್ಲಿರುವ ಅಣ್ಣತಮ್ಮಂದಿರು ದುಡಿದು ಕೂಡಿಸಿ, ಎಲ್ಲರಿಗೂ ರಜೆ ಹೊಂದಿಸಿಕೊಂಡು ಸೇರಬೇಕು. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ಇಂಥವು ಹೆಚ್ಚು. ಹೊರಗಿನವರಿಗೂ ಬಾಗಿಲು ಮುಚ್ಚಿಲ್ಲ. ಸ್ಥಳೀಯರೊಬ್ಬರ ಜೊತೆ, ಕಡು ಬಣ್ಣದ ಬಟ್ಟೆ ತೊಟ್ಟು, ಮನೆಯವರಿಗೆ ಸಕ್ಕರೆಯೋ ಕಾಫಿಯೋ ಹಿಡಿದುಕೊಂಡು ಹೋಗುವುದು ಕ್ರಮ. ರಕ್ತ ನೋಡಲಾಗದವರು ಹೋಗದಿರುವುದು ಒಳ್ಳೆಯದು.

‘ಹಾಗಾದರೆ ಇನ್ನೂ...’ ಎಂದು ನಾನು ತಡವರಿಸಿದೆ. ಅವರು ಫೋಟೊ ನೋಡುತ್ತಲೇ ‘ಬೆಲುಮ್’ ಅಂದರು.

ಅವರು ಹೋದ ಮೇಲೆ ನನಗೆ ಮೈ ಝುಮ್ಮೆನ್ನುತ್ತಿತ್ತು. ಅಮ್ಮನಿಗೆ ಏನೂ ಅನ್ನಿಸಿದಂತಿರಲಿಲ್ಲ. ‘ನಾವು ಆಟಿಯಲ್ಲಿ ಕುಲೆಗಳಿಗೆ ಬಡಿಸುವುದಿಲ್ಲವಾ? ಇವರು ಸ್ವಲ್ಪ ಮುಂಚೆಯೇ ಶುರುಮಾಡಿದ್ದಾರೆ, ಅಷ್ಟೆ’ ಅಂದಳು.

ಅಡಿಕೆಯ ಮೇಲೆ ಒಂದು ರಾಜಿ

ಆಗಸ್ಟ್ 17 ಅವರ ಸ್ವಾತಂತ್ರ್ಯ ದಿನ. ಕಾಲೊನಿಯ ಮೈದಾನದಲ್ಲಿ ಬೆಳಿಗ್ಗೆಯಿಂದಲೇ ಗೋಣಿಚೀಲದ ಓಟ, ದಾರಕ್ಕೆ ಕಟ್ಟಿದ ಹಪ್ಪಳವನ್ನು ಕೈ ಮುಟ್ಟಿಸದೆ ತಿನ್ನುವ ಪಂದ್ಯ. ಕೊನೆಗೆ ಎಲ್ಲರೂ ಕಾಯುವ ‘ಪಂಜಾತ್ ಪಿನಾಂಗ್’. ಜಿಡ್ಡು ಬಳಿದ ಎತ್ತರದ ಕಂಬ, ತುದಿಯಲ್ಲಿ ಬಕೆಟು, ಫ್ಯಾನು, ಸೈಕಲ್ಲು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ, ಜಾರಿ, ಮತ್ತೆ ಹತ್ತಿ ಕಿತ್ತುಕೊಳ್ಳಬೇಕು. ಅಷ್ಟಮಿಯ ಮೊಸರು ಕುಡಿಕೆಯಲ್ಲಿ ಇದನ್ನೇ ನೋಡಿ ಬೆಳೆದವನು ನಾನು. ಕಂಬವೂ ಅದೇ, ಅಡಿಕೆ ಮರ! ‘ಪಿನಾಂಗ್’ ಅಂದರೇ ಅಡಿಕೆ. ಮಲೇಷ್ಯಾದ ಪೆನಾಂಗ್ ಊರಿನ ಹೆಸರೂ ಇದರಿಂದಲೇ ಬಂದದ್ದು.

ಅಡಿಕೆ ಆ ಭಾಷೆಯೊಳಗೂ ಬೇರುಬಿಟ್ಟಿದೆ. ಹೆಣ್ಣು ಕೇಳುವುದಕ್ಕೆ ‘ಮೆಮಿನಾಂಗ್’ ಅನ್ನುತ್ತಾರೆ, ಪದಶಃ ‘ಅಡಿಕೆ ಮಾಡುವುದು’. ಪುಸ್ತಕದ ಮುನ್ನುಡಿಗೆ ‘ಸೆಕಾಪುರ್ ಸಿರಿಹ್’ ಎಂಬ ಹೆಸರೂ ಉಂಟು. ಸುಣ್ಣ ಹಚ್ಚಿದ ಒಂದು ವೀಳ್ಯ. ಬಂದವರಿಗೆ ಮೊದಲು ಎಲೆಅಡಿಕೆ ಕೊಟ್ಟು ಆಮೇಲೆ ಮಾತು ಶುರುಮಾಡುವ ಕ್ರಮ ಪುಸ್ತಕಕ್ಕೂ ಬಂದಿದೆ. ಇದನ್ನೆಲ್ಲ ಆ ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರೂ ಗೌರವದಿಂದಲೇ ಬೆಳೆಸುತ್ತಾರೆ ಅನ್ನು’ ಅಂದರು. ಮರುಕ್ಷಣವೇ, ‘ಆದರೂ ನಮಗೆ ಕಳುಹಿಸುವುದು ಬೇಡ’ ಎಂದು ಸೇರಿಸಿದರು.

ಹೊರಡುವ ವಾರ ಪಕ್ಕದ ಮನೆಯಲ್ಲಿ ‘ಅರಿಸಾನ್’ ಇತ್ತು. ತಿಂಗಳಿಗೊಮ್ಮೆ ಹೆಂಗಸರು ಸೇರಿ ಸಮನಾಗಿ ದುಡ್ಡು ಹಾಕಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಮೊತ್ತ ಕೊಡುವ ಪದ್ಧತಿ. ನಮ್ಮ ಚೀಟಿಯೇ, ಹರಾಜಿನ ಜಗಳ ಮಾತ್ರ ಇಲ್ಲ. ಹಿಂದಿನ ತಿಂಗಳು ಅದೇ ಹೆಂಗಸು ಗೇಟಿನಲ್ಲಿ ‘ಕಾಮಿ ಅದಾ ಅರಿಸಾನ್’ ಎಂದಿದ್ದರು. ನಮಗೆ ಅರಿಸಾನ್ ಇದೆ. ಈ ಸಲ ಬಂದು ಅಮ್ಮನ ಕೈ ಹಿಡಿದು ‘ಆಯೋ ಬು, ಕಿತಾ ಬೆರಾಂಗ್‌ಕತ್’ ಅಂದರು. ಬನ್ನಿ, ನಾವು ಹೊರಡೋಣ. ಅಮ್ಮನಿಗೆ ವ್ಯತ್ಯಾಸ ಕಿವಿಗೆ ಬಿತ್ತು. ‘ಆವತ್ತು ಕಾಮಿ ಅಂದಿದ್ದರು, ಇವತ್ತು ಕಿತಾ ಅಂತ ಯಾಕೆ?’

ಕನ್ನಡದಲ್ಲಿ ವಿವರಿಸಿದ್ದರೆ ನಾಲ್ಕು ವಾಕ್ಯ ಬೇಕಾಗುತ್ತಿತ್ತು, ಎರಡಕ್ಕೂ ‘ನಾವು’ ಎಂಬ ಒಂದೇ ಪದವಿದೆಯಲ್ಲ. ತುಳುವಿನಲ್ಲಿ ಎರಡೇ ಪದ ಸಾಕಾಯಿತು. ‘ಕಾಮಿ ಅಂದರೆ ಎಂಕುಳು. ಕಿತಾ ಅಂದರೆ ನಮ.’ ಮೊದಲನೆಯದರಲ್ಲಿ ಕೇಳುವವರು ಹೊರಗೆ, ಎರಡನೆಯದರಲ್ಲಿ ಒಳಗೆ. ಅಮ್ಮ ಸೆರಗು ಸರಿಮಾಡಿಕೊಂಡು, ಅಕ್ಕನ ಡಬ್ಬಿಯಲ್ಲಿದ್ದ ಊರಿನ ಚಕ್ಕುಲಿ ಒಂದು ತಟ್ಟೆಗೆ ಹಾಕಿಕೊಂಡು ಹೊರಟಳು. ಮೂರು ಗಂಟೆ ಹೊತ್ತು ವಾಪಸ್ ಬರಲಿಲ್ಲ.

ನಾನೀಗ ಏಳನೇ ಸೆಮಿಸ್ಟರ್. ಥರ್ಮೋಡೈನಮಿಕ್ಸ್ ಎರಡನೇ ಸಲಕ್ಕೆ ಪಾಸಾಗಿದೆ. ಕ್ಯಾಂಪಸ್ಸಿಗೆ ಬಂದ ನಾಲ್ಕು ಕಂಪನಿಗಳಲ್ಲಿ ಎರಡರ ಲಿಖಿತ ಪರೀಕ್ಷೆ ದಾಟಿ ಸಂದರ್ಶನದಲ್ಲಿ ಉದುರಿದ್ದೇನೆ. ಅಕ್ಕನ ಮಗಳಿಗೆ ವರ್ಷ ತುಂಬಿದೆ. ಹಾಲು ಬೇಕಾದಾಗ ‘ಸುಸು’ ಅನ್ನುತ್ತಾಳೆ. ವಿಡಿಯೊ ಕಾಲ್‌ನಲ್ಲಿ ಅಮ್ಮನನ್ನು ಕಂಡರೆ ‘ಅಜ್ಜಿ’ ಅನ್ನುತ್ತಾಳೆ.

ಕಳೆದ ವಾರ ಊರಿನಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಅಮ್ಮನ ಪಕ್ಕ ಕೂತ ಸಂಬಂಧಿಕರೊಬ್ಬರು ಇಡೀ ಸಾಲಿಗೆ ಕೇಳುವಂತೆ ವಿಚಾರಿಸಿದರು, ‘ಎಂತ, ಮಗನಿಗೆ ಕೆಲಸ ಆಯಿತಾ?’ ನಾನು ತಲೆ ತಗ್ಗಿಸಿ ಪಾಯಸ ಕಲಸುತ್ತಿದ್ದೆ. ಅಮ್ಮ ಹಪ್ಪಳ ಮುರಿಯುತ್ತಾ, ‘ಬೆಲುಮ್’ ಅಂದಳು.

‘ಓ, ಒಳ್ಳೆಯದಾಯಿತು’ ಅಂದರು ಅವರು. ‘ಆ ಕಂಪನಿ ಇರುವುದು ಬೆಂಗಳೂರಿನಲ್ಲಾ?’